ಬಿಟ್ಟದ್ದು ನಿಜ, ಬದುಕಿದ್ದು ಸುಳ್ಳು

(1/6)
ಮೊದಲ ಫೋಟೊಗೆ ಲೈಕ್ ಒತ್ತಿದವ್ರು ಒಂದು ನಿಮಿಷ ನಿಲ್ಲಿ. ಮುರು ಮೀನು ಎತ್ತಿ ಹಿಡಿದು ಹಲ್ಲು ಕಿರಿದವ ನಾನೇ. ಕಳೆದ ಭಾನುವಾರ ನಾವು ಐದು ಜನ ದುಡ್ಡು ಹಾಕಿ ಮಲ್ಪೆಯಿಂದ ಬೋಟು ಮಾಡಿ ಹೋದದ್ದು. ಸ್ಟೋರಿಯಲ್ಲಿ "ಹಿಡಿದೆವು, ಬಿಟ್ಟೆವು" ಅಂತ ಬರೆದಿದ್ದೆ. ಅದರಲ್ಲಿ ಅರ್ಧ ಸುಳ್ಳು.

(2/6)
ಮಜಾ ಇರ್ಲಿಲ್ಲ ಅಂತ ಹೇಳುದಿಲ್ಲ. ರೀಲ್ ಕಿರ್ರ್ ಅಂತ ಕೂಗುವಾಗ ಕೈ ನಡುಗ್ತದಲ್ಲ, ಅದಕ್ಕೆ ಯಾವ ಗೇಮೂ ಸಮ ಅಲ್ಲ. ಸುಮಾರು 30 ಮೀಟರ್ ಆಳದಲ್ಲಿ, ಬಂಡೆ ಹತ್ತಿರ ಈ ಮುರು ಸಿಕ್ಕಿತು. ಮೇಲೆ ಬಂದಾಗ ಕಣ್ಣು ಉಬ್ಬಿತ್ತು, ಬಾಯಿಂದ ಹೊಟ್ಟೆ ಚೀಲ ಹೊರಗೆ ಬಂದಿತ್ತು. "ಎಂತ ಮುಖ ಮಾರಾಯ" ಅಂತ ನಗಾಡಿದೆವು. ಐವರದ್ದೂ ಫೋಟೊ ಆದ ಮೇಲೆ ನೀರಿಗೆ ಬಿಟ್ಟೆವು. ಅದು ಮುಳುಗಲೇ ಇಲ್ಲ, ಹೊಟ್ಟೆ ಮೇಲೆ ಮಾಡಿ ತೇಲಿತು. ಬೋಟಿನ ಅಣ್ಣ ಹೇಳಿದ್ದು ಒಂದೇ ಮಾತು: "ಸಾರಿಗಾದ್ರೂ ಆಗ್ತಿತ್ತು."

(3/6)
ಯಾಕೆ ಹೀಗಾಯ್ತು? ಮುರುವಿನ ಒಳಗೆ ಗಾಳಿಚೀಲ ಉಂಟು. 30 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲಿನದ್ದಕ್ಕಿಂತ 4 ಪಟ್ಟು. ಸರ್ರಂತ ಮೇಲೆ ಎಳೆದ್ರೆ ಆ ಗಾಳಿ ಹಿಗ್ಗಿ ಕಣ್ಣು, ಹೊಟ್ಟೆ ಎಲ್ಲ ಹೊರಗೆ ದಬ್ತದೆ. ಬಲೂನನ್ನು ನೀರಿಗೆ ಹಾಕಿದ್ರೆ ಮುಳುಗ್ತದಾ? ತೇಲುವ ಮೀನು ಬಿಸಿಲಿಗೆ, ಇಲ್ಲಾ ಗಿಡುಗನಿಗೆ.
ಮೇಲ್ನೀರಿನ ಅಂಜಲ್ ಆದ್ರೂ ಅಷ್ಟೇ ಜಾಗ್ರತೆ ಬೇಕು. ಗಾಳಿಗೆ ಬಂದ ಕೂಡ್ಲೇ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿ ಉಸಿರು ಕಟ್ತದೆ. ಒಣ ಕೈಯಲ್ಲಿ ಹಿಡಿದ್ರೆ ಮೈಮೇಲಿನ ಲೋಳೆ ಹೋಗ್ತದೆ, ಅದೇ ಅದರ ರಕ್ಷಣೆ.

(4/6)
"ಟ್ರಾಲರ್‌ನವ್ರು ಟನ್‌ಗಟ್ಲೆ ಹಿಡೀತಾರೆ, ನಮ್ಮ ಒಂದು ಮೀನಿಗೆ ಇಷ್ಟು ಭಾಷಣವಾ?" ಅಂತ ಕೇಳ್ತೀರಿ, ಗೊತ್ತು. ಅವ್ರ ತಪ್ಪು ಇಲ್ಲ ಅಂತಲ್ಲ, ಸಣ್ಣ ಮರಿಗಳನ್ನೂ ಬಾಚುವುದು ತಪ್ಪೇ. ಆದ್ರೆ ಅವ್ರು ಹಿಡಿಯುದು ಹೊಟ್ಟೆಪಾಡಿಗೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಆ ಬೋಟುಗಳು ದಡದಲ್ಲಿ ನಿಲ್ತವೆ, ಸಂಪಾದನೆಯೂ ನಿಲ್ತದೆ. ನಾವು ಏನು ಬಿಟ್ಟಿದ್ದೇವೆ? ಒಂದು ಫೋಟೊ ಬಿಡ್ಲಿಕ್ಕೆ ಆಗ್ಲಿಲ್ಲ!

(5/6)
ಹೋಗ್ಬೇಡಿ ಅಂತ ಹೇಳ್ತಾ ಇಲ್ಲ. ನಾನೂ ಮತ್ತೆ ಹೋಗ್ತೇನೆ. ಆದ್ರೆ ಗಾಳ ಹಾಕುವ ಮೊದ್ಲೇ ತೀರ್ಮಾನ ಮಾಡಿ, ತಿನ್ಲಿಕ್ಕಾ ಬಿಡ್ಲಿಕ್ಕಾ ಅಂತ.
– ತಿನ್ಲಿಕ್ಕಾದ್ರೆ ಬೇಕಾದಷ್ಟೇ ಹಿಡಿದು, ಕೂಡ್ಲೇ ಕೊಂದು ಐಸ್‌ಗೆ ಹಾಕಿ.
– ಬಿಡ್ಲಿಕ್ಕಾದ್ರೆ ಆಳದ ಬಂಡೆಗೆ ಗಾಳ ಇಳಿಸ್ಲೇಬೇಡಿ. ಕೊಕ್ಕೆಯ ಮುಳ್ಳು ಒತ್ತಿ ಚಪ್ಪಟೆ ಮಾಡಿ. ಕೈ ಒದ್ದೆ ಇರ್ಲಿ, ಮೀನು ಆದಷ್ಟು ನೀರಲ್ಲೇ ಇರ್ಲಿ.
– ಫೋಟೊ ಬೇಕಾ? ನೀವು ಉಸಿರು ಹಿಡಿದು ತೆಗೀರಿ. ನಿಮಗೆ ಕಷ್ಟ ಆಗುವ ಮೊದ್ಲೇ ಅದನ್ನು ನೀರಿಗೆ ಬಿಡಿ.

(6/6)
ಆ ಸ್ಟೋರಿ ಹೈಲೈಟ್‌ನಿಂದ ತೆಗ್ದಿದ್ದೇನೆ. ಈ ಫೋಟೊ ಮಾತ್ರ ತೆಗೀದಿಲ್ಲ. ಮೀನಿನ ಬಾಯಿ ಹತ್ರ ಝೂಮ್ ಮಾಡಿ ನೋಡಿ, ಆಮೇಲೆ ನಿಮ್ಮ ಗ್ಯಾಲರಿ ತೆರೆಯಿರಿ. ನೀವು "ಬಿಟ್ಟ" ಮೀನು ಈಜಿ ಹೋದದ್ದನ್ನು ಕಣ್ಣಾರೆ ಕಂಡಿದ್ರೆ ಕಾಮೆಂಟಲ್ಲಿ ಹೇಳಿ. ಕಾಣದಿದ್ರೆ ಅದನ್ನೂ ಹೇಳಿ.

#ಮಲ್ಪೆ #ಗಾಳ #ಬಿಟ್ಟದ್ದುನಿಜವಾ