ಸ್ಕ್ರೂ ತಲೆ ಸವೆಯುವ ಮುನ್ನ ಒಂದು ರಾತ್ರಿ ಕಾಯಿರಿ

ಮಲೆನಾಡಿನ ಗ್ಯಾರೇಜುಗಳ ಮೂಲೆಯಲ್ಲಿ ಬಿದ್ದಿರುವ ಹಳೆ ಜಿಪ್ಸಿ ಕಾರ್ಬುರೇಟರ್‌ಗಳನ್ನು ಒಮ್ಮೆ ಎತ್ತಿ ನೋಡಿ. ಎಷ್ಟೋ ಸಲ ಒಳಗಿನ ಭಾಗ ಚೆನ್ನಾಗಿಯೇ ಇರುತ್ತದೆ. ಹಾಳಾಗಿರುವುದು ಮುಚ್ಚಳದ ಒಂದೆರಡು ಸ್ಕ್ರೂಗಳ ತಲೆ. ಓಡಿ ಕೆಟ್ಟದ್ದಲ್ಲ, ಬಿಚ್ಚಲು ಹೋಗಿ ಕೆಡಿಸಿದ್ದು. ಇದರಲ್ಲಿ ಅರ್ಧ ತಪ್ಪು ಮೆಕ್ಯಾನಿಕ್‌ನದು, ಇನ್ನರ್ಧ ಗಾಡಿ ಮಾಲೀಕರ ಅವಸರದ್ದು ಎನ್ನುವುದು ನನ್ನ ವಾದ.

1985ರಲ್ಲಿ ಬಂದ ಮಾರುತಿ ಜಿಪ್ಸಿಯ ಮೊದಲ ಮಾದರಿಗೆ ಇದ್ದದ್ದು 970 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಕಾರ್ಬುರೇಟರ್. ತೋಟದ ಕೆಸರು ದಾರಿಗೆ ಇವತ್ತಿಗೂ ಅದನ್ನೇ ನಂಬಿದವರಿದ್ದಾರೆ. ಗಾಡಿಯೇ ಈಗ ತಯಾರಾಗುತ್ತಿಲ್ಲ. ಹಾಗಾಗಿ ಇರುವ ಅಸಲಿ ಕಾರ್ಬುರೇಟರ್ ಉಳಿಸಿಕೊಳ್ಳಲೇಬೇಕು. ಅದು ಸರಿಯಿಲ್ಲದೆ ಪೆಟ್ರೋಲ್ ಹೆಚ್ಚು ಹರಿದರೆ ಹೊಗೆ ಪರೀಕ್ಷೆಯಲ್ಲಿ ಗಾಡಿ ಫೇಲ್. 15 ವರ್ಷ ದಾಟಿದ ಕಾರುಗಳ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲೇ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಅಷ್ಟು ಖರ್ಚು ಮಾಡುವವರಿಗೆ ಒಂದು ಸ್ಕ್ರೂ ದೊಡ್ಡ ವಿಷಯವೇ.

ಸ್ಕ್ರೂ ಹಿಡಿದುಕೊಳ್ಳುವುದೇಕೆ? ಕಾರ್ಬುರೇಟರ್‌ನ ಮೈ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ್ದು, ಸ್ಕ್ರೂ ಉಕ್ಕಿನದು. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ತುಕ್ಕು ಹಿಡಿದು ಬೆಸುಗೆ ಹಾಕಿದಂತಾಗುತ್ತದೆ. ನಮ್ಮಲ್ಲಿ ಮಳೆಗಾಲದ ತೇವ ಮೊದಲೇ ಇದೆ. ಈಗಿನ ಪೆಟ್ರೋಲ್‌ನಲ್ಲಿ ಬೆರೆಸುವ ಎಥೆನಾಲ್ ಕೂಡ ನೀರು ಹೀರುತ್ತದೆ.

ಇಂಥದ್ದಕ್ಕೆ ಮೊದಲ ಔಷಧಿ ತಾಳ್ಮೆ. ಕಾರ್ಬುರೇಟರ್ ಇಳಿಸಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಸ್ಕ್ರೂ ತಲೆಯೊಳಗಿನ ಕೊಳೆಯನ್ನು ಪಿನ್ನಿನಿಂದ ಕೆದಕಿ ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ.

ಎರಡನೆಯದು ಸರಿಯಾದ ಸ್ಕ್ರೂಡ್ರೈವರ್. ಜಪಾನಿ ಕಾರ್ಬುರೇಟರ್‌ಗಳ ಸ್ಟಾರ್ ಸ್ಕ್ರೂ ನೋಡಲು ಮಾಮೂಲಿ ಫಿಲಿಪ್ಸ್‌ನಂತೆಯೇ ಕಂಡರೂ ಅದರ ಅಳತೆ ಬೇರೆ, ಜೆಐಎಸ್ ಎನ್ನುತ್ತಾರೆ. ಹಲವು ಸಲ ತಲೆಯ ಮೇಲೆ ಸಣ್ಣ ಚುಕ್ಕೆ ಇರುತ್ತದೆ. ಅದಕ್ಕೆ ಫಿಲಿಪ್ಸ್ ಹಾಕಿ ಒತ್ತಿ ತಿರುಗಿಸಿದರೆ ಅದು ಜಾರಿ ಮೇಲೆದ್ದು ತಲೆಯನ್ನು ತಿಂದುಹಾಕುತ್ತದೆ. ಸರಿಯಾದುದನ್ನು ಇಟ್ಟು, ಹಿಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ನಾಲ್ಕೈದು ಮೆಲುಪೆಟ್ಟು ಕೊಡಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹಿತ್ತಾಳೆಯ ಜೆಟ್‌ಗಳಿಗೆ ಸೀಳಿನ ಪೂರ್ತಿ ಅಗಲ ತುಂಬುವ ಚಪ್ಪಟೆ ಸ್ಕ್ರೂಡ್ರೈವರ್ ಬೇಕು.

ಇಷ್ಟಕ್ಕೂ ಬಗ್ಗದಿದ್ದರೆ ಬಿಸಿ. ಆದರೆ ಗ್ಯಾಸ್ ವೆಲ್ಡಿಂಗ್ ಬೆಂಕಿ ಬೇಡ. ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ, ಸ್ಕ್ರೂ ಕೆಂಪಾಗುವ ಮೊದಲೇ ಮೈ ಕರಗಿರುತ್ತದೆ. ರಬ್ಬರ್, ಪ್ಲಾಸ್ಟಿಕ್ ಭಾಗ ಬಿಚ್ಚಿ, ಪೆಟ್ರೋಲ್ ಮತ್ತು ಎಣ್ಣೆಯ ಪಸೆ ಒರೆಸಿ ಆರಲು ಬಿಟ್ಟು, ಕುದಿನೀರಿನಲ್ಲಿಟ್ಟರೂ ಸಾಕು. ಬಿಸಿಗೆ ಸತು ಉಕ್ಕಿಗಿಂತ ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ.

ಥ್ರಾಟಲ್‌ನ ಚಿಟ್ಟೆ ತಗಡು ಹಿಡಿದ ಎರಡು ಪುಟ್ಟ ಸ್ಕ್ರೂಗಳ ತಂಟೆಗೆ ಮಾತ್ರ ಅಗತ್ಯವಿಲ್ಲದೆ ಹೋಗಬೇಡಿ. ಕಳಚಿ ಎಂಜಿನ್ ಒಳಗೆ ಬೀಳಬಾರದೆಂದು ಅವುಗಳ ತುದಿಯನ್ನು ಕಂಪನಿಯಲ್ಲೇ ಬಡಿದು ಅಗಲಿಸಿರುತ್ತಾರೆ. ಒತ್ತಾಯಿಸಿದರೆ ಮುರಿಯುವುದು ಖಂಡಿತ.

ಇದೆಲ್ಲ ಮೆಕ್ಯಾನಿಕ್‌ಗಳಿಗೆ ಗೊತ್ತಿಲ್ಲವೇ? ಅನೇಕರಿಗೆ ಗೊತ್ತು. ಆದರೆ "ಸಂಜೆಗೇ ಗಾಡಿ ಬೇಕು" ಎಂದು ನಾವು ತಲೆಯ ಮೇಲೆ ನಿಂತರೆ ಅವರು ಎಣ್ಣೆ ಬಿಟ್ಟು ಕಾಯುವುದು ಹೇಗೆ? ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಸುವವರು ನಾವೇ. ಕಾದ ಹೊತ್ತಿಗೆ ಕೂಲಿ ಕೊಡುವ ರೂಢಿಯೂ ನಮ್ಮಲ್ಲಿಲ್ಲ. ಬಡಿದರೆ ಕೆಲಸ, ಕಾದರೆ ಸೋಮಾರಿತನ ಎಂಬ ಲೆಕ್ಕ ನಮ್ಮದು.

ಮೆಕ್ಯಾನಿಕ್ ಅಣ್ಣಂದಿರು ಒಂದು ಜೆಐಎಸ್ ಸೆಟ್ ಕೊಂಡಿಟ್ಟುಕೊಳ್ಳಲಿ. ಐಟಿಐ ಹುಡುಗರಿಗೆ ಹೊಸ ಎಂಜಿನ್ ಜೊತೆಗೆ ಹಳೆ ಸ್ಕ್ರೂ ಬಿಚ್ಚುವ ನಯವನ್ನೂ ಕಲಿಸಲಿ. ಮಾಲೀಕರು ಗಾಡಿ ಬಿಡುವಾಗ ಎರಡು ದಿನದ ಪುರುಸೊತ್ತನ್ನೂ ಕೊಟ್ಟು ಬನ್ನಿ. ಆ ಎರಡನೇ ದಿನದ ಕೂಲಿ ಹೊಸ ಕಾರ್ಬುರೇಟರ್ ಹುಡುಕುವ ಖರ್ಚಿಗಿಂತ ಕಡಿಮೆಯೇ.