ಬಿರುದು ಮತ್ತು ಪದವಿ

ಇಂಗ್ಲಿಷಿನ ನಾಟಕ ಕಾದಂಬರಿಗಳನ್ನು ಕನ್ನಡಕ್ಕೆ ತರುವವರು ಡ್ಯೂಕ್, ಅರ್ಲ್, ಬ್ಯಾರನ್ ಮೂವರನ್ನೂ ‘ಪ್ರಭು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ನನ್ನ ತರಗತಿಯ ವಿದ್ಯಾರ್ಥಿಗಳು ಇವನ್ನು ಬಿರುದುಗಳೆಂದು ಬರೆಯುತ್ತಾರೆ. ಇವು ಬಿರುದುಗಳಲ್ಲ, ಪದವಿಗಳು. ಈ ಭೇದವನ್ನು ಅರಿಯಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಗೆ ಹೋದರೆ ಸಾಕು.

ಯುರೋಪಿನ ಪದವಿಗಳು ಮೊದಲು ಕೆಲಸದ ಹೆಸರುಗಳಾಗಿದ್ದವು. ಡ್ಯೂಕ್ ಎಂಬುದರ ಲ್ಯಾಟಿನ್ ಮೂಲಕ್ಕೆ ದಂಡನ್ನು ನಡೆಸುವವನೆಂದು ಅರ್ಥ. ನಮ್ಮ ದಂಡನಾಯಕನೇ ಸರಿ. ಕೌಂಟ್ ಎಂದರೆ ದೊರೆಯ ಸಹಚರ. ಮಾರ್ಕ್ವಿಸ್ ಗಡಿನಾಡನ್ನು ಕಾಯುವವನು. ವೈಕೌಂಟ್ ಕೌಂಟನ ಪ್ರತಿನಿಧಿ. ಕೆಲಸವು ಮನೆತನದ ಸ್ವತ್ತಾದಾಗ ಹೆಸರು ಅಂತಸ್ತಾಯಿತು. ಇಂಗ್ಲೆಂಡಿನಲ್ಲಿ ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂದು ಮೇಲಿನಿಂದ ಐದು ಮೆಟ್ಟಿಲು. ಅರ್ಲ್ ಎಂಬುದು ಇವುಗಳಲ್ಲಿ ಅತ್ಯಂತ ಹಳೆಯದು. ಆದರೂ 1337ರಲ್ಲಿ ಅಲ್ಲಿಗೆ ಬಂದ ಡ್ಯೂಕ್ ಪದವಿಯೂ 1385ರಲ್ಲಿ ಬಂದ ಮಾರ್ಕ್ವಿಸ್ ಪದವಿಯೂ ಅದನ್ನು ಮೂರನೆಯ ಮೆಟ್ಟಿಲಿಗೆ ಇಳಿಸಿದವು. ಇಂಗ್ಲೆಂಡಿನಲ್ಲಿ ಪದವಿ ಸಾಮಾನ್ಯವಾಗಿ ಹಿರಿಯ ಮಗನೊಬ್ಬನಿಗೇ ಸಲ್ಲುವುದು. ಜರ್ಮನಿಯಲ್ಲಿ ಮಕ್ಕಳೆಲ್ಲರೂ ಅದನ್ನು ಧರಿಸುವ ವಾಡಿಕೆಯಿತ್ತು. ಆದುದರಿಂದ ಜರ್ಮನಿಯ ಕೌಂಟನೂ ಇಂಗ್ಲೆಂಡಿನ ಅರ್ಲನೂ ಒಂದೇ ತೂಕದವರಲ್ಲ.

ಇನ್ನು ಅಂಗಡಿಯ ಮಾತು. ಶಾಸನಗಳ ಸೊಸೆವೂರು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹೊಯ್ಸಳರು ಇಲ್ಲಿ ಮಲೆಪರ, ಎಂದರೆ ಬೆಟ್ಟನಾಡಿನ ನಾಯಕರ, ನಡುವೆ ತಲೆಯೆತ್ತಿದವರು; ‘ಮಲೆಪರೊಳ್ ಗಂಡ’ ಎಂಬುದು ಅವರ ಬಿರುದು. ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದು ‘ತಲಕಾಡುಗೊಂಡ’ನಾದನು. ಬಿರುದುಗಳು ಬೆಳೆದವು, ಪದವಿ ಮಾತ್ರ ‘ಮಹಾಮಂಡಲೇಶ್ವರ’ನದೇ ಆಗಿ ಉಳಿಯಿತು, ಏಕೆಂದರೆ ಮೇಲೆ ಚಾಲುಕ್ಯ ಚಕ್ರವರ್ತಿಯಿದ್ದನು. ಆ ಮೆಟ್ಟಿಲನ್ನು ದಾಟಿ ಸಾರ್ವಭೌಮನೆನಿಸಿದವನು ಮೊಮ್ಮಗ ಇಮ್ಮಡಿ ಬಲ್ಲಾಳ, 1190ರ ದಶಕದಲ್ಲಿ. ಕಳಸ–ಕಾರ್ಕಳದ ಭೈರರಸ ಒಡೆಯರ ಹೆಸರಿನಲ್ಲಿ ಅರಸನೂ ಉಂಟು, ಒಡೆಯನೂ ಉಂಟು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ಮನೆತನವದು. ಆದರೂ ವಿಜಯನಗರದ ಮುಂದೆ ಅವರು ಸಾಮಂತರೇ. ಬಿರುದು ತೋಳಿನ ಗಳಿಕೆ. ಪದವಿ ಮೇಲಿನವನೊಡನೆಯೂ ಕೆಳಗಿನವನೊಡನೆಯೂ ಇರುವ ಸಂಬಂಧ.

ಹಾಗಾದರೆ ‘ಪ್ರಭು’ ಯಾರು? ಶಾಸನಗಳ ನಾಳ್ಪ್ರಭು ಒಂದು ನಾಡಿನ ಮುಖಂಡ. ಮಂಡಲೇಶ್ವರನಿಗಿಂತ ಎಷ್ಟೋ ಕೆಳಗಿನವನು. ಡ್ಯೂಕನನ್ನು ಪ್ರಭುವೆಂದಾಗ ನಾವು ಅವನನ್ನು ಗೌರವಿಸಿದಂತಲ್ಲ, ಕೆಳಗಿನ ಪಂಕ್ತಿಯಲ್ಲಿ ಕೂರಿಸಿದಂತೆ!

ಇದು ಬರಿಯ ಪದಗಳ ಜಗಳವಲ್ಲ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಗ್ಲಾಮಿಸ್ಸಿನ ಥೇನ್ ಆಗಿದ್ದವನು, ಕಾಡರಿನ ಥೇನ್ ಆಗುತ್ತಾನೆ, ಬಳಿಕ ದೊರೆಯಾಗುತ್ತಾನೆ. ಕೊನೆಗೆ ಮ್ಯಾಲ್ಕಮನು ಥೇನರನ್ನು ಅರ್ಲರನ್ನಾಗಿ ಮಾಡುತ್ತಾನೆ. ಎಲ್ಲರೂ ಪ್ರಭುಗಳಾದರೆ ಆ ಮಹತ್ವಾಕಾಂಕ್ಷೆ ಹತ್ತಿದ ಮೆಟ್ಟಿಲುಗಳೇ ಓದುಗನಿಗೆ ಕಾಣುವುದಿಲ್ಲ. ಪದವಿಯ ಹೆಸರನ್ನು ಹಾಗೆಯೇ ಉಳಿಸಿ, ಅದರ ಸ್ಥಾನವನ್ನು ನಮ್ಮ ಶಾಸನಗಳ ಮಾತಿನಿಂದ ತಿಳಿಸುವುದೇ ಲೇಸೆಂದು ನನ್ನ ಮತ.

ನಮ್ಮ ಸಂವಿಧಾನದ 18ನೆಯ ವಿಧಿ ಇಂಥ ಪದವಿಗಳನ್ನು ಕೊಡುವುದನ್ನು ನಿಲ್ಲಿಸಿತು. 1971ರ ತಿದ್ದುಪಡಿಯು ರಾಜರ ಮನ್ನಣೆಯನ್ನೂ ಕೊನೆಗಾಣಿಸಿತು. ಪದವಿಗಳು ಹೋದದ್ದು ಒಳ್ಳೆಯದೇ ಆಯಿತು. ಅವುಗಳೊಡನೆ ಮಾತಿನ ವಿವೇಕವೂ ಹೋಗಬೇಕಾಗಿಲ್ಲ.