ಲಜ್ಜೆಯು ಚಿಕಿತ್ಸೆಗೆ ಅಡ್ಡಿಯಾಗದಿರಲಿ

ಕೆಮ್ಮಿದಾಗ, ಸೀನಿದಾಗ, ಭಾರವೆತ್ತಿದಾಗ ಮೂತ್ರ ಸೋರುವುದನ್ನು ನಮ್ಮ ಅನೇಕ ತಾಯಂದಿರು, ಸಹೋದರಿಯರು ವರ್ಷಗಟ್ಟಲೆ ಯಾರಿಗೂ ಹೇಳದೆ ಸಹಿಸುತ್ತಾರೆ. ಬಟ್ಟೆ ಅಶುದ್ಧವಾಯಿತೆಂದು ನಮಾಝ್‌ನ ಹೊತ್ತಿಗೆ ನೊಂದುಕೊಳ್ಳುತ್ತಾರೆ. ಮದುವೆ, ಪ್ರಯಾಣಗಳಿಂದ ದೂರ ಉಳಿಯುತ್ತಾರೆ.

ಲಜ್ಜೆಯು ಸತ್ಯವಿಶ್ವಾಸದ ಭಾಗವೆಂಬುದು ನಿಜ. ಆದರೆ ಅಗತ್ಯವಾದುದನ್ನು ಕೇಳಿ ತಿಳಿಯಲು ಸಹಾಬಿ ವನಿತೆಯರಿಗೆ ಅದು ಎಂದೂ ಅಡ್ಡಿಯಾಗಲಿಲ್ಲ. ನಿಲ್ಲದ ರಕ್ತಸ್ರಾವದ ಕುರಿತು ಫಾತಿಮಾ ಬಿಂತ್ ಅಬೀ ಹುಬೈಶ್(ರ) ಪ್ರವಾದಿವರ್ಯರಲ್ಲೇ(ಸ) ವಿಚಾರಿಸಿದರು. ಅದು ಮುಟ್ಟಲ್ಲವೆಂದೂ ಅದರ ನಿಮಿತ್ತ ನಮಾಝ್ ಬಿಡಬೇಕಾಗಿಲ್ಲವೆಂದೂ ಅವರಿಗೆ ಉತ್ತರ ದೊರೆಯಿತು. ಸತತವಾಗಿ ಮೂತ್ರ ಸೋರುವವರಿಗೂ ಬಹುತೇಕ ಕರ್ಮಶಾಸ್ತ್ರ ವಿದ್ವಾಂಸರು ಇದೇ ರಿಯಾಯಿತಿ ನೀಡಿ, ಪ್ರತಿ ನಮಾಝ್‌ನ ವೇಳೆಗೆ ವುಝೂ ಮಾಡಿದರೆ ಸಾಕೆಂದಿದ್ದಾರೆ.

ರಿಯಾಯಿತಿಯಿದೆಯೆಂದು ರೋಗವನ್ನು ಹಾಗೆಯೇ ಬಿಡುವುದು ಸರಿಯಲ್ಲ. ಹೆರಿಗೆಯಿಂದಾಗಿ, ವಯಸ್ಸಿನಿಂದಾಗಿ ಮೂತ್ರಕೋಶಕ್ಕೆ ಆಸರೆಯಾದ ಸ್ನಾಯುಗಳು ಸಡಿಲಗೊಳ್ಳುವುದು ಇದರ ಸಾಮಾನ್ಯ ಕಾರಣ. ಅವನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಸರಿಯಾಗಿ ಕಲಿತು ಕನಿಷ್ಠ 3 ತಿಂಗಳು ಮಾಡಿದರೆ ಅನೇಕರಿಗೆ ಗುಣ ಕಾಣುತ್ತದೆ. ಅದು ಸಾಲದಿದ್ದರೆ ಬೇರೆ ಚಿಕಿತ್ಸೆಗಳಿವೆ. ಮುಜುಗರವಾದರೆ ವೈದ್ಯೆಯನ್ನೇ ಕಾಣಬಹುದು. ಪತಿಯಾಗಲಿ, ಮಕ್ಕಳಾಗಲಿ ಇದನ್ನು ಹಾಸ್ಯ ಮಾಡದೆ ಆಸ್ಪತ್ರೆಗೆ ಜೊತೆಯಾಗಿ ಹೋಗಲಿ. ನಮ್ಮ ಶರೀರವು ಅಲ್ಲಾಹನು ವಹಿಸಿಕೊಟ್ಟ ಅಮಾನತ್ತು. ಅದರ ಆರೈಕೆಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.